ಮೇಲಿನ ಊರು, ಕೆಳಗಿನ ಊರು

(ನಾಸಿಕದಲ್ಲಿ ಕೂಡಿದ ಹೋಟೆಲು ಕೆಲಸಗಾರರ ಸಭೆಯಲ್ಲಿ, ಒಪ್ಪಂದದ ಮೇಲೆ ಮತ ಹಾಕುವುದಕ್ಕೆ ಮೊದಲು ಸಂಘದ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ನಾನು ಭಾಷಣ ಕಲಿತವನಲ್ಲ. ಏಳನೆಯ ಇಯತ್ತೆ ಮುಗಿಸಿ ಊರು ಬಿಟ್ಟವನು. ಗ್ಲಾಸು ತೊಳೆದು, ಟೇಬಲು ಒರೆಸಿ, ಆಮೇಲೆ ಸಪ್ಲಾಯರನಾಗಿ, ಕೊನೆಗೆ ತಮ್ಮೆಲ್ಲರ ಕೆಲಸಕ್ಕೆಂದು ಸಂಘದ ಮೆಟ್ಟಿಲು ಹತ್ತಿದವನು. ತಪ್ಪು ಮಾತು ಬಂದರೆ ಹಿರಿಯರು ಅಲ್ಲಿಯೇ ತಿದ್ದಬೇಕು.

ಇಂದು ಸಂಜೆ ತಾವು ಒಂದು ಕಾಗದದ ಮೇಲೆ ಮತ ಹಾಕಬೇಕಾಗಿದೆ. ಮೂರು ತಿಂಗಳು ಮಾಲಕರೊಡನೆ ಕುಳಿತು, ಎದ್ದು, ಮತ್ತೆ ಕುಳಿತು ತಂದ ಕಾಗದ ಅದು. ನಾವು ಕೇಳಿದ್ದು ತಿಂಗಳಿಗೆ 5,000 ರೂಪಾಯಿ ಹೆಚ್ಚಳ. ಅವರು ಮೊದಲು ಬಾಯಿಬಿಟ್ಟದ್ದು 1,000. ಕಾಗದದಲ್ಲಿ ಇರುವುದು 3,000. ಈಗ 1,800, ಮುಂದಿನ ವರ್ಷ 1,200. ಪಗಾರ ಕಡಿಯದೆ ವಾರಕ್ಕೊಂದು ರಜೆ. ಎಲ್ಲರ ಹೆಸರೂ ಪ್ರಾವಿಡೆಂಟ್ ಫಂಡಿಗೆ. ಎರಡು ವರ್ಷದ ಕೊನೆಗೆ ಮತ್ತೆ ಮಾತುಕತೆ.

ಇದನ್ನು ಓದಿದ ಮರುದಿನ ನಮ್ಮ ಕಚೇರಿಯ ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ ಬರೆದಿದ್ದರು: "ರಾಜಿ ಮಾಡಿದವ ಮಾರಿಕೊಂಡವ." ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಆ ಗೋಡೆಗೆ ಸುಣ್ಣ ಹೊಡೆಯಬೇಡಿರೆಂದು ನಾನೇ ಹೇಳಿದೆ. ಅದಕ್ಕೆ ಉತ್ತರವನ್ನು ಸುಣ್ಣದಿಂದ ಕೊಡಬಾರದು, ಮಾತಿನಿಂದ ಕೊಡಬೇಕು.

ಇನ್ನೊಂದು ಮಾತಿದೆ. 2024ರಲ್ಲಿ ಎರಡು ಚುನಾವಣೆಗಳು ಆದವು; ಮೊದಲು ಲೋಕಸಭೆ, ಆಮೇಲೆ ವಿಧಾನಸಭೆ. ಅಂದಿನಿಂದ ನಮ್ಮ ಬಾಡಿಗೆ ಕೋಣೆಗಳಲ್ಲಿ ಏನಾಗಿದೆಯೆಂದು ತಮಗೆ ಗೊತ್ತು. ಒಂದೇ ಕೋಣೆಯಲ್ಲಿ ಮಲಗುವ ಹದಿನಾಲ್ಕು ಜನ, ರಜೆಯ ದಿನ ಒಂದೇ ಪಾತ್ರೆಯಲ್ಲಿ ಸಾರು ಮಾಡಿ ಉಣ್ಣುತ್ತಿದ್ದವರು, ಈಗ ಎರಡು ಸ್ಟೌ ಹಚ್ಚುತ್ತಾರೆ. ಈ ಕಡೆಯವನು ತಂದ ಮೀನನ್ನು ಆ ಕಡೆಯವನು ಮುಟ್ಟುವುದಿಲ್ಲ. ಕಾಗದದಲ್ಲಿ ಏನಿದೆಯೆಂದು ಓದುವ ಮೊದಲೇ, ಅದನ್ನು ಮಾತಾಡಿ ತಂದವನು ಯಾವ ಪಕ್ಷದವನೆಂದು ಕೇಳುತ್ತಾರೆ.

ಆದ್ದರಿಂದ ಇಂದು ನಾನು ಪಗಾರದ ಲೆಕ್ಕ ಬಿಟ್ಟು ಒಂದು ನದಿಯ ಕಥೆ ಹೇಳಬೇಕೆಂದಿದ್ದೇನೆ. ಈ ಊರಿನ ನದಿಯೇ. ನಾನು ಅದರ ಮೇಲಿನ ಊರಿನಲ್ಲಿಯೂ ಕೆಳಗಿನ ಊರಿನಲ್ಲಿಯೂ ಮುಸುರೆ ತೊಳೆದವನಾದ್ದರಿಂದ ಹೇಳುವ ಹಕ್ಕಿದೆಯೆಂದು ತಿಳಿದಿದ್ದೇನೆ.

ಗೋದಾವರಿ ಹುಟ್ಟುವುದು ಇಲ್ಲೇ ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ. ನಾಸಿಕವನ್ನು ದಾಟಿ, ನಿಫಾಡದ ಮೇಲಿಂದ ಹರಿದು ಪೈಠಣಕ್ಕೆ ಹೋಗುತ್ತದೆ. ಪೈಠಣದಲ್ಲಿ ಜಾಯಕ್‌ವಾಡಿ ಅಣೆಕಟ್ಟು. 1965ರಲ್ಲಿ ಲಾಲ್ ಬಹಾದುರ ಶಾಸ್ತ್ರಿಗಳು ಅದಕ್ಕೆ ಅಡಿಗಲ್ಲಿಟ್ಟರು, 1976ರಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಸುಮಾರು ಹತ್ತು ಕಿಲೋಮೀಟರ್ ಉದ್ದದ ಮಣ್ಣಿನ ಕಟ್ಟೆ, 27 ಬಾಗಿಲು. ಬಳಸಲು ಬರುವ ನೀರೇ ಸುಮಾರು 76 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. ಮರಾಠವಾಡಾದ ಹೊಲಗಳಿಗೆ, ಜಾಲನಾಕ್ಕೆ, ಸಂಭಾಜಿನಗರದ ಮನೆಗಳಿಗೆ, ವಾಳೂಜ ಚಿಕಲಠಾಣಾಗಳ ಕಾರಖಾನೆಗಳಿಗೆ ಅದೇ ನೀರು. ಆದರೆ ಮಳೆ ಬೀಳುವುದು ಮೇಲೆ, ಘಟ್ಟದ ಅಂಚಿನಲ್ಲಿ. ಅಲ್ಲಿ ನಾಸಿಕ ಮತ್ತು ಅಹಿಲ್ಯಾನಗರ ಜಿಲ್ಲೆಗಳ ಕಟ್ಟೆಗಳು ಸಾಲಾಗಿವೆ: ಗಂಗಾಪುರ, ದಾರಣಾ, ಮುಕಣೆ, ಪಾಲಖೇಡ, ಭಂಡಾರದರಾ, ಮುಳಾ. ಮೇಲಿನವರು ಮೊದಲು ತುಂಬಿಕೊಂಡರೆ ಕೆಳಗಿನವರಿಗೆ ಉಳಿದದ್ದೇ ಪಾಲು.

ನಾನು 2001ರಲ್ಲಿ, ಹದಿಮೂರು ವರ್ಷದವನಿದ್ದಾಗ, ನಾಸಿಕಕ್ಕೆ ಬಂದೆ. ಮೊದಲ ಕೆಲಸ ಪಂಚವಟಿಯ ಕಡೆ ಒಂದು ಹೋಟೆಲಿನಲ್ಲಿ. ಆ ಧಣಿಗಳ ಹೆಸರು ಬೇಡ. ನಲ್ಲಿ ತಿರುಗಿಸಿದರೆ ನೀರು. ಗ್ಲಾಸನ್ನು ಎರಡು ಸಲ ತೊಳೆಯುತ್ತಿದ್ದೆವು, ಅಂಗಳಕ್ಕೆ ಚಿಮುಕಿಸುತ್ತಿದ್ದೆವು. ಗಿರಾಕಿಗಳ ಬಾಯಲ್ಲಿ ಆಗಲೇ ಕೇಳಿದ್ದೆ: "ಮರಾಠವಾಡಾದವರು ನಮ್ಮ ನೀರಿನ ಮೇಲೆ ಕಣ್ಣಿಟ್ಟಿದ್ದಾರೆ. ಕಟ್ಟೆ ಕಟ್ಟಲು ಮುಳುಗಿದ್ದು ನಮ್ಮ ಭೂಮಿ, ದ್ರಾಕ್ಷಿ ನಮ್ಮದು, ಬೆವರು ನಮ್ಮದು." ನಾನೂ ತಲೆ ಆಡಿಸಿದೆ. ಉಪ್ಪು ಉಂಡ ಊರಲ್ಲವೇ!

ಕೆಲವು ವರ್ಷಗಳ ಮೇಲೆ ಸಂಭಾಜಿನಗರಕ್ಕೆ ಹೋದೆ. ಆಗ ಹಲಗೆಯ ಮೇಲೆ ಔರಂಗಾಬಾದ್ ಎಂದಿತ್ತು. 2012ರ ಬರಗಾಲ ಬಂದಾಗ ಅಲ್ಲಿಯೇ ಇದ್ದೆ. ಜಾಯಕ್‌ವಾಡಿಯ ತಳ ಕಂಡಿತ್ತು. ಹೋಟೆಲಿಗೆ ಟ್ಯಾಂಕರು ಬರುತ್ತಿತ್ತು. ಎರಡು ಬಾಲ್ದಿಯಲ್ಲಿ ದಿನದ ತಟ್ಟೆಗಳನ್ನೆಲ್ಲ ತೊಳೆದದ್ದುಂಟು. ಮೂರನೆಯ ಬಾಲ್ದಿ ಕೇಳಿದ್ದಕ್ಕೆ ಒಬ್ಬ ಹುಡುಗನನ್ನು ಕೆಲಸದಿಂದ ಬಿಡಿಸಿದ್ದೂ ಉಂಟು. ಆಗ ಅಲ್ಲಿನ ಗಿರಾಕಿಗಳು ಹೇಳುತ್ತಿದ್ದರು: "ನಾಸಿಕದವರು ನಮ್ಮ ನೀರು ಕದ್ದು ದ್ರಾಕ್ಷಿಗೆ ಹಾಕುತ್ತಾರೆ." ಅಲ್ಲಿಯೂ ತಲೆ ಆಡಿಸಿದೆ. ಅದೂ ಉಪ್ಪು ಉಂಡ ಊರೇ!

ಒಂದು ರಾತ್ರಿ ಮಲಗಿದಾಗ ಯೋಚನೆ ಬಂತು. ನಾಸಿಕದಲ್ಲಿದ್ದಾಗ ನಾನು ಕಳ್ಳನಾಗಿದ್ದೆನೇ? ಇಲ್ಲಿಗೆ ಬಂದ ಮೇಲೆ ಸಾಧುವಾದೆನೇ? ಮನುಷ್ಯ ಅವನೇ, ಕೈಯೂ ಅದೇ. ಬದಲಾದದ್ದು ನಾನು ನಿಂತ ಜಾಗ ಮಾತ್ರ.

ಬಂಧುಗಳೇ, ಈ ಜಗಳದಲ್ಲಿ ಪಕ್ಷವೂ ಇಲ್ಲ, ಸಿದ್ಧಾಂತವೂ ಇಲ್ಲ. ನಾಸಿಕದಲ್ಲಿ ಎಲ್ಲ ಪಕ್ಷಗಳ ಮುಂದಾಳುಗಳೂ ನೀರು ಬಿಡಬಾರದೆನ್ನುತ್ತಾರೆ. ಮರಾಠವಾಡಾದಲ್ಲಿ ಅವೇ ಪಕ್ಷಗಳ ಮುಂದಾಳುಗಳು ಬಿಡಲೇಬೇಕೆನ್ನುತ್ತಾರೆ. ಬಾವುಟ ಒಂದೇ, ಬಸ್ಸಿನಲ್ಲಿ ನಾಲ್ಕೈದು ತಾಸು ಹೋದರೆ ಮಾತು ಬೇರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಇಲ್ಲಿಗೇ ಹೊಂದುತ್ತದೆ.

ಆದರೆ ಈ ಎಳೆದಾಟದ ನಡುವೆ ಒಂದು ಒಳ್ಳೆಯ ಕೆಲಸವಾಯಿತು. 2005ರಲ್ಲಿ ಮಹಾರಾಷ್ಟ್ರ ಸರಕಾರ ಜಲಸಂಪತ್ತಿನ ನಿಯಂತ್ರಣಕ್ಕೆ ಒಂದು ಕಾಯಿದೆ ಮಾಡಿತು. ಒಂದೇ ನದಿಯ ಕಟ್ಟೆಗಳಲ್ಲಿ ಕೊರತೆಯ ವರ್ಷದಲ್ಲಿ ನೀರು ಸಮನಾಗಿ ಹಂಚಿಕೆಯಾಗಬೇಕೆಂದು ಅದರಲ್ಲಿ ಬರೆಯಿತು. ಬರೆದದ್ದು ಹಲವು ವರ್ಷ ಕಾಗದದಲ್ಲಿಯೇ ಇತ್ತು. ಬರಗಾಲ ಬಂದಾಗ ಜನ ಕೋರ್ಟಿಗೆ ಹೋದರು. ಮೇಂಢೇಗಿರಿ ಎಂಬ ಇಂಜಿನಿಯರರ ಸಮಿತಿ 2013ರಲ್ಲಿ ಲೆಕ್ಕ ಹಾಕಿ ಕೊಟ್ಟಿತು. 2014ರ ಸೆಪ್ಟೆಂಬರಿನಲ್ಲಿ ಜಲ ಪ್ರಾಧಿಕಾರ ಆಜ್ಞೆ ಹೊರಡಿಸಿತು. 2016ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಆ ನಿಯಮ ಸರಳವಾಗಿ ಹೀಗಿದೆ. ಮಳೆಗಾಲ ಮುಗಿದ ಮೇಲೆ ಅಕ್ಟೋಬರ್ 15ರಂದು ಎಲ್ಲ ಕಟ್ಟೆಗಳ ನೀರನ್ನು ಅಳೆಯಬೇಕು. ಜಾಯಕ್‌ವಾಡಿಯ ಬಳಕೆಯ ನೀರು ನೂರಕ್ಕೆ 65ಕ್ಕಿಂತ ಕಡಿಮೆಯಿದ್ದರೆ ಮೇಲಿನವರು ಲೆಕ್ಕದ ಪ್ರಕಾರ ಬಿಡಬೇಕು. ಅದಕ್ಕಿಂತ ಹೆಚ್ಚಿದ್ದರೆ ಕೆಳಗಿನವರು ಕೇಳಕೂಡದು.

ಈ ನಿಯಮ ಯಾರಿಗೆ ಇಷ್ಟ? ಯಾರಿಗೂ ಇಲ್ಲ. ಹರಿದು ಬರುವ ದಾರಿಯಲ್ಲಿಯೇ ನೀರು ಇಂಗಿ ಹಾಳಾಗುತ್ತದೆಂದು ನಾಸಿಕದ ರೈತರು ಹೇಳುತ್ತಾರೆ; ಆ ಮಾತಿನಲ್ಲಿ ಸತ್ಯವಿದೆ. 65 ಎಂಬುದೇ ಕಡಿಮೆ, ಬಿಡುವುದೂ ತಡ ಎಂದು ಮರಾಠವಾಡಾದವರು ಹೇಳುತ್ತಾರೆ, ಅದರಲ್ಲಿಯೂ ಸತ್ಯವಿದೆ. ಆದರೂ ಏನಾಯಿತು ನೋಡಿರಿ. 2023ರಲ್ಲಿ ಮಳೆ ಕೈಕೊಟ್ಟಿತು. ಅಕ್ಟೋಬರಿನಲ್ಲಿ ಅಳೆದಾಗ ಜಾಯಕ್‌ವಾಡಿ ಅರ್ಧವೂ ತುಂಬಿರಲಿಲ್ಲ. ಮೇಲಿನ ಕಟ್ಟೆಗಳಿಂದ 8.6 ಟಿ.ಎಂ.ಸಿ. ಬಿಡಬೇಕೆಂದು ಆಜ್ಞೆಯಾಯಿತು. ಮೇಲಿನವರು ಕೋರ್ಟಿಗೆ ಹೋದರು, ಕೆಳಗಿನವರು ರಸ್ತೆಯಲ್ಲಿ ಕುಳಿತರು. ಉಚ್ಚ ನ್ಯಾಯಾಲಯವೂ ಸರ್ವೋಚ್ಚ ನ್ಯಾಯಾಲಯವೂ ತಡೆ ಕೊಡಲಿಲ್ಲ. ನವೆಂಬರ್ ಕೊನೆಗೆ ಗೇಟು ತೆರೆಯಿತು. ಕೂಗಾಟವಾಯಿತು, ನೀರೂ ಹೋಯಿತು.

ಇದರಲ್ಲಿ ನಾನು ಕಲಿತದ್ದು ಎರಡು ಮಾತು. ಒಂದು, ನಿಯಮ ಬರೆದ ಸರಕಾರ ಬೇರೆ, ನಡೆಸಿದ ಸರಕಾರಗಳು ಬೇರೆ. 2005ರಲ್ಲಿ ಆಳುತ್ತಿದ್ದವರು 2015ರಲ್ಲಿ ಆಳುತ್ತಿರಲಿಲ್ಲ, 2018ರಲ್ಲಿಯೂ ಇರಲಿಲ್ಲ. ಆದರೂ ಆ ಎರಡು ಬರಗಳಲ್ಲಿಯೂ ನೀರು ಬಿಟ್ಟದ್ದು ಅದೇ ನಿಯಮದ ಮೇಲೆ. ಗದ್ದುಗೆಯ ಮೇಲಿನವರು ಬದಲಾದರು, ಬರೆದ ಮಾತು ನಿಂತಿತು. ಎರಡು, ರಾಜಿ ಆದದ್ದು ತಾರೀಖು ಮತ್ತು ಅಳತೆಯ ಮೇಲೆ. ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂಬುದರ ಮೇಲೆ ಅಲ್ಲ. ಅದರ ಮೇಲೆ ರಾಜಿ ಯಾವ ಕಾಲಕ್ಕೂ ಆಗುವುದಿಲ್ಲ. ಈಗ ಆ 65ರ ಲೆಕ್ಕವನ್ನೇ ಇನ್ನೊಂದು ಸಮಿತಿ ಮತ್ತೆ ಪರಿಶೀಲಿಸಿದೆ. ಸರಿಯೇ. ಲೆಕ್ಕವನ್ನು ಲೆಕ್ಕದಿಂದ ಬದಲಾಯಿಸಲಿ, ಕಲ್ಲಿನಿಂದ ಬೇಡ.

ಇನ್ನೊಂದು ಗುಟ್ಟು ಹೇಳುತ್ತೇನೆ. 2024ರಲ್ಲಿ ಒಳ್ಳೆಯ ಮಳೆಯಾಗಿ ಜಾಯಕ್‌ವಾಡಿ ತುಂಬಿತು. 2025ರಲ್ಲಿಯೂ ತುಂಬಿ ಗೇಟು ತೆರೆದರು. ಆ ಸೆಪ್ಟೆಂಬರಿನಲ್ಲಿ ಮರಾಠವಾಡಾದ ಹೊಲಗಳೇ ಕೊಚ್ಚಿಹೋದವು. ಆದರೆ ಕಟ್ಟೆ ತುಂಬಿದ ವರ್ಷದಲ್ಲಿಯೂ ಸಂಭಾಜಿನಗರದ ನಲ್ಲಿಯಲ್ಲಿ ದಿನವೂ ನೀರಿಲ್ಲ, ವಾರಕ್ಕೊಮ್ಮೆ ಬಂದರೆ ಭಾಗ್ಯ ಎನ್ನುವ ಬಡಾವಣೆಗಳುಂಟು. ಯಾಕೆ? ಪೈಠಣದಿಂದ ಊರಿಗೆ ಸುಮಾರು 50 ಕಿಲೋಮೀಟರ್. ಹಳೆಯ ಪೈಪುಗಳು ಬೆಳೆದ ಊರಿಗೆ ಸಾಲುವುದಿಲ್ಲ. ಹೊಸ ಯೋಜನೆಗೆ 2020ರಲ್ಲಿ ಅಡಿಗಲ್ಲು ಬಿತ್ತು, 1,680 ಕೋಟಿ ರೂಪಾಯಿಯೆಂದು. ಆಮೇಲೆ ಖರ್ಚು 2,700 ಕೋಟಿ ದಾಟಿತು. "ನಾಸಿಕದವರು ಕದ್ದರು" ಎಂದು ಕೂಗುವಷ್ಟು ದಿನ, "ಪೈಪು ಎಲ್ಲಿ?" ಎಂದು ಕೇಳುವವರು ಕಡಿಮೆ. 2023ರಲ್ಲಿ ಊರಿನ ಹೆಸರು ಬದಲಾಯಿತು. ಹೆಸರಿನ ಮೇಲೆ ಎರಡು ಕಡೆಯವರೂ ವರ್ಷಗಟ್ಟಲೆ ಹೊಡೆದಾಡಿದರು. ಖಾಲಿ ಕೊಡ ಹಿಡಿದು ನಿಂತ ಹೆಂಗಸಿಗೆ ಎರಡೂ ಹೆಸರಿನಲ್ಲಿ ಒಂದೇ ಬಾಯಾರಿಕೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.

ನೀರಿಗೆ ಒಂದು ನಿಯಮವಾದರೂ ಇದೆ. ನಿಯಮವೇ ಇಲ್ಲದಿದ್ದರೆ ಏನಾಗುತ್ತದೆಂದು ನೋಡಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಅಡಿಗೆಮನೆಯ ಮೂಲೆಯಲ್ಲಿರುವ ಈರುಳ್ಳಿಯ ಮೂಟೆ ನೋಡಿದರೆ ಸಾಕು.

ಈರುಳ್ಳಿಯ ದೊಡ್ಡ ಪೇಟೆ ಇದೇ ಜಿಲ್ಲೆಯ ಲಾಸಲಗಾಂವ. ಬೆಲೆ ಏರಿದರೆ ಪಟ್ಟಣದವರು ಸರಕಾರ ಉರುಳಿಸುತ್ತಾರೆ; 1998ರಲ್ಲಿ ದಿಲ್ಲಿಯ ರಾಜ್ಯ ಸರಕಾರ ಈರುಳ್ಳಿಯ ಬೆಲೆಯಿಂದಲೇ ಸೋತಿತೆಂದು ಇಂದಿಗೂ ಹೇಳುತ್ತಾರೆ. ಬೆಲೆ ಇಳಿದರೆ ರೈತ ಸಾಯುತ್ತಾನೆ; 2018ರಲ್ಲಿ ನಿಫಾಡದ ಕಡೆಯ ರೈತರೊಬ್ಬರು 750 ಕಿಲೋ ಈರುಳ್ಳಿ ಮಾರಿ ಬಂದ 1,064 ರೂಪಾಯಿಯನ್ನು ಪ್ರಧಾನಿಗೆ ಮನಿಯಾರ್ಡರು ಮಾಡಿದರು. ಇಬ್ಬರ ನಡುವೆ ಒಂದು ಒಪ್ಪಿದ ಲೆಕ್ಕವಿದೆಯೇ? ಇಲ್ಲ. 2023ರ ಆಗಸ್ಟಿನಲ್ಲಿ ಒಮ್ಮೆಲೆ ರಫ್ತಿನ ಮೇಲೆ ನೂರಕ್ಕೆ 40 ಸುಂಕ ಬಂತು. ನಾಸಿಕದ ಪೇಟೆಗಳು ಬಂದ್ ಆದವು. ಡಿಸೆಂಬರ್ 8ರಿಂದ ರಫ್ತೇ ಬಂದ್. ಲೋಕಸಭೆ ಚುನಾವಣೆಯ ನಡುವೆ, 2024ರ ಮೇ 4ರಂದು, ನಿಷೇಧ ತೆಗೆದರು, ಸುಂಕ ಉಳಿಸಿದರು. ಸೆಪ್ಟೆಂಬರಿನಲ್ಲಿ ಸುಂಕ 20ಕ್ಕೆ ಇಳಿಯಿತು. 2025ರ ಏಪ್ರಿಲ್ 1ಕ್ಕೆ ಪೂರ್ತಿ ಹೋಯಿತು. ಎರಡು ವರ್ಷದೊಳಗೆ ಐದು ಆಜ್ಞೆ! ಬಿತ್ತುವ ದಿನ ಇದ್ದ ಕಾನೂನು ಕೀಳುವ ದಿನ ಇರುವುದಿಲ್ಲ. ಆ ಚುನಾವಣೆಯಲ್ಲಿ ಈರುಳ್ಳಿ ಬೆಳೆಯುವ ದಿಂಡೋರಿಯಲ್ಲಿ ಕೇಂದ್ರದ ಆಳುವ ಪಕ್ಷವೇ ಸೋತಿತು.

ನಾವು ಎಲ್ಲಿ ನಿಂತಿದ್ದೇವೆ? ಈರುಳ್ಳಿ ಕಿಲೋಗೆ 80 ಆದರೆ ಮಾಲಕರು ಮೊದಲು ಕೈ ಹಾಕುವುದು ನಮ್ಮ ಊಟದ ಪಲ್ಯಕ್ಕೆ. ಆದ್ದರಿಂದ ರಫ್ತು ನಿಂತರೆ ನಮಗೆ ಸಂತೋಷ. ಆದರೆ ನಮ್ಮ ಜೊತೆಯಲ್ಲಿ ಕೆಲಸ ಮಾಡುವ ನಿಫಾಡದ ಹುಡುಗನ ತಂದೆ ಅದೇ ಈರುಳ್ಳಿಯನ್ನು ರಸ್ತೆಗೆ ಸುರಿದು ಬಂದಿದ್ದಾನೆ. ಆ ಹುಡುಗ ಅಂದು ಊಟ ಮಾಡಲಿಲ್ಲ. ನಾನು ಅವನ ಪಕ್ಕದಲ್ಲಿಯೇ ಕುಳಿತು ಉಣ್ಣುತ್ತಿದ್ದೆ. ತುತ್ತು ಇಳಿಯಲಿಲ್ಲ. ಬೆಲೆ ಇಷ್ಟು ದಾಟಿದರೆ ಇಷ್ಟು ಸುಂಕ, ಇಷ್ಟಕ್ಕೆ ಇಳಿದರೆ ಸರಕಾರ ಇಷ್ಟು ಕೊಳ್ಳುತ್ತದೆ ಎಂದು ಬಿತ್ತನೆಗೆ ಮೊದಲೇ ಬರೆದಿಟ್ಟರೆ ಇಬ್ಬರೂ ಬದುಕಬಹುದೆಂದು ನನ್ನ ಏಳನೆಯ ಇಯತ್ತೆಯ ಬುದ್ಧಿಗೆ ತೋರುತ್ತದೆ.

ಅಂಥ ಮೇಜು ಕಟ್ಟುವುದು ಆಗದ ಕೆಲಸವಲ್ಲ. ಜಿ.ಎಸ್.ಟಿ. ಪರಿಷತ್ತನ್ನು ನೋಡಿರಿ. ಅದರಲ್ಲಿ ಕೇಂದ್ರದ ಮತಕ್ಕೆ ಮೂರರಲ್ಲಿ ಒಂದು ತೂಕ, ರಾಜ್ಯಗಳೆಲ್ಲ ಸೇರಿ ಮೂರರಲ್ಲಿ ಎರಡು. ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಕೇಂದ್ರ ಒಂದೇ ಮಾಡಲಾರದು, ರಾಜ್ಯಗಳೇ ಮಾಡಲಾರವು. 2017ರ ಜುಲೈಯಲ್ಲಿ ಹೋಟೆಲಿನ ಊಟಕ್ಕೆ 12, ಎ.ಸಿ. ಇದ್ದರೆ 18 ಎಂದು ತೆರಿಗೆ ಬಂದಾಗ ಗಿರಾಕಿಗಳು ಬಿಲ್ಲು ನೋಡಿ ನಮ್ಮ ಮುಖಕ್ಕೆ ಎಸೆಯುತ್ತಿದ್ದರು. ನವೆಂಬರಿನಲ್ಲಿ ಅದೇ ಪರಿಷತ್ತು ಅದನ್ನು 5ಕ್ಕೆ ಇಳಿಸಿತು. ಮಾಲಕರು ಕೊಂಡ ಸಾಮಾನಿನ ತೆರಿಗೆಯನ್ನು ಕಳೆದುಕೊಳ್ಳುವ ಸವಲತ್ತು ಬಿಟ್ಟುಕೊಟ್ಟರು. ಒಂದು ಕೊಟ್ಟು ಒಂದು ತೆಗೆದುಕೊಂಡದ್ದು. ದಿಲ್ಲಿಯಲ್ಲಿ ಒಬ್ಬರ ಮುಖ ಒಬ್ಬರು ನೋಡದ ಪಕ್ಷಗಳ ಮಂತ್ರಿಗಳು ಆ ಮೇಜಿನಲ್ಲಿ ಕುಳಿತು, 2019ರ ಡಿಸೆಂಬರಿನವರೆಗೆ ಮತ ಎಣಿಸದೆಯೇ ಕೆಲಸ ನಡೆಸಿದರು.

ಈಗ ನಮ್ಮ ಸ್ವಂತ ಮಾತಿಗೆ ಬರೋಣ. ನಾವು ಕನ್ನಡದವರು. ಕಾವೇರಿಯ ವಿಷಯ ಬಂದರೆ ನಾವು ಮೇಲಿನ ಊರಿನವರು. 1991ರಲ್ಲಿ ಗಲಭೆಯಾಯಿತು, 2016ರಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಸುಟ್ಟವು. ಕೊನೆಗೆ 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯ ತಮಿಳುನಾಡಿಗೆ ಬಿಡುವ ನೀರನ್ನು 192ರಿಂದ 177.25 ಟಿ.ಎಂ.ಸಿ.ಗೆ ಇಳಿಸಿ ಲೆಕ್ಕ ಮುಗಿಸಿತು. ಬಸ್ಸು ಸುಟ್ಟದ್ದರಿಂದ ಒಂದು ಹನಿಯೂ ಹೆಚ್ಚು ಬರಲಿಲ್ಲ. ಕೃಷ್ಣೆಯ ವಿಷಯ ಬಂದರೆ ನಾವು ಮಹಾರಾಷ್ಟ್ರಕ್ಕೆ ಕೆಳಗಿನವರು, ತೆಲಂಗಾಣ ಆಂಧ್ರಗಳಿಗೆ ಮೇಲಿನವರು. ಆಲಮಟ್ಟಿಯನ್ನು 519.6 ಮೀಟರಿನಿಂದ 524.256ಕ್ಕೆ ಏರಿಸಬೇಕೆನ್ನುತ್ತೇವೆ, ಸಾಂಗಲಿ ಕೊಲ್ಹಾಪುರದವರು ಮುಳುಗುತ್ತೇವೆಂದು ಅಂಜುತ್ತಾರೆ. ಒಬ್ಬನೇ ಮನುಷ್ಯ ಒಂದು ನದಿಯಲ್ಲಿ ಮೇಲಿನವನು, ಇನ್ನೊಂದರಲ್ಲಿ ಕೆಳಗಿನವನು. ಎಲ್ಲ ನದಿಗಳಲ್ಲಿಯೂ ಮೇಲೆಯೇ ಇರುವವನು ಯಾರೂ ಇಲ್ಲ.

2022ರ ಡಿಸೆಂಬರ್ ನೆನಪಿದೆಯೇ? ಗಡಿಯ ಮಾತು ಕಾವೇರಿತು. ಬೆಳಗಾವಿಯ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. ಆ ವಾರ ನಾವು ರಸ್ತೆಯಲ್ಲಿ ಫೋನಿನಲ್ಲಿ ಕನ್ನಡ ಮಾತಾಡಲು ಅಂಜಿದೆವು. ಆಗ ನಮ್ಮ ಹೋಟೆಲಿನ ಬಾಗಿಲಲ್ಲಿ ನಿಂತು ಕಾದವರು ಯಾರು? ನಮ್ಮ ಜೊತೆ ಪಾತ್ರೆ ತೊಳೆಯುವ ಮರಾಠಿ ಹುಡುಗರು. ಅಂಥವರನ್ನು ಇಂದು ಪಕ್ಷದ ಹೆಸರಿನಲ್ಲಿ ದೂರ ಮಾಡಿಕೊಂಡರೆ ನಾಳೆ ಯಾರನ್ನು ಕರೆಯುತ್ತೀರಿ?

ಹಾಗಾದರೆ ಎಲ್ಲದಕ್ಕೂ ರಾಜಿಯೇ? ಇಲ್ಲ. ಗೋಡೆಯ ಮೇಲೆ ಬರೆದ ಸೋದರನಿಗೆ ಇಲ್ಲಿ ನಾನು ಅರ್ಧ ಒಪ್ಪುತ್ತೇನೆ. ಇದೇ ನಾಸಿಕದಲ್ಲಿ 1930ರ ಮಾರ್ಚ್ 2ರಂದು ಡಾ. ಅಂಬೇಡ್ಕರರು ಕಾಳಾರಾಮ ಮಂದಿರದ ಸತ್ಯಾಗ್ರಹ ಆರಂಭಿಸಿದರು. ರಾಮನವಮಿಯ ರಥವನ್ನು ಎರಡೂ ಕಡೆಯವರು ಕೂಡಿ ಎಳೆಯಬೇಕೆಂದು ಆಗ ಒಂದು ರಾಜಿಯಾಯಿತು. ಆದರೆ ಸವರ್ಣರು ಮಾತು ಮುರಿದು ರಥವನ್ನು ತಾವೇ ಎಳೆದುಕೊಂಡು ಓಡಿದರು, ಕಲ್ಲುಗಳು ಬಿದ್ದವು. ಸತ್ಯಾಗ್ರಹ ವರ್ಷಗಟ್ಟಲೆ ನಡೆಯಿತು. 1935ರಲ್ಲಿ ಇದೇ ಜಿಲ್ಲೆಯ ಯೇವಲೆಯಲ್ಲಿ, ತಾನು ಹಿಂದೂವಾಗಿ ಸಾಯುವುದಿಲ್ಲವೆಂದು ಅವರು ಸಾರಿದರು. ಮನುಷ್ಯನ ಮಾನದಲ್ಲಿ ಅರ್ಧ ಕೊಟ್ಟು ಅರ್ಧ ತೆಗೆದುಕೊಳ್ಳುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಕೈ ಮಾಡುವ ಮಾಲಕನ ಜೊತೆ, ಸಣ್ಣ ಹುಡುಗರನ್ನು ದುಡಿಸುವವನ ಜೊತೆ, ಜಾತಿ ನೋಡಿ ತಟ್ಟೆ ಬೇರೆ ಇಡುವವನ ಜೊತೆ ನಮ್ಮ ಸಂಘ ರಾಜಿ ಮಾಡುವುದಿಲ್ಲ. ಕೊಟ್ಟ ಮಾತು ಮುರಿದವನ ಜೊತೆ ಮತ್ತೆ ಅದೇ ಮಾತಿಗೆ ಕೂರುವುದೂ ಇಲ್ಲ. ರೂಪಾಯಿ, ತಾಸು, ರಜೆ, ತಾರೀಖು, ಇವು ಹೆಚ್ಚು ಕಡಿಮೆಯಾಗಬಹುದಾದ ವಸ್ತುಗಳು. ಮಾನ ಹಾಗಲ್ಲ. ಯಾವುದು ಯಾವುದೆಂದು ಬೇರೆ ಮಾಡುವುದೇ ಸಂಘದ ಬುದ್ಧಿ.

ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಗಿರಣಿಯ ಹಿರಿಯರು 1982 ಕಂಡವರು. ಆ ವರ್ಷ ಜನವರಿ 18ರಂದು ಮುಂಬಯಿಯ ಗಿರಣಿಗಳು ನಿಂತವು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು, ಡಾ. ದತ್ತಾ ಸಾಮಂತರು ಮುಂದಾಳು. ಬೇಡಿಕೆ ನ್ಯಾಯವಾದದ್ದೇ. ಪಗಾರ ಹೆಚ್ಚಬೇಕು, ಮತ್ತು ಕಾರ್ಮಿಕರಿಗೆ ಬೇಡವಾದ ಒಂದೇ ಸಂಘಕ್ಕೆ ಮಾನ್ಯತೆ ಕೊಡುವ 1946ರ ಕಾಯಿದೆ ಹೋಗಬೇಕು. ಸರಕಾರ ಆ ಸಂಘವನ್ನು ಬಿಡಲೊಲ್ಲದು. ಹಲವು ಮಾಲಕರಿಗೆ ಗಿರಣಿಗಿಂತ ಗಿರಣಿಯ ಜಾಗವೇ ಸಿಹಿಯಾಗಿತ್ತು. ಮುಷ್ಕರ ಎಳೆದಷ್ಟೂ ಅವರಿಗೆ ಲಾಭ. ನಮ್ಮ ಕಡೆಯಲ್ಲಿಯೂ ಹಿಂದಿರುಗಲು ಒಂದು ಬಾಗಿಲನ್ನು ಯಾರೂ ತೆರೆದಿಡಲಿಲ್ಲ. ಆ ಮುಷ್ಕರವನ್ನು ಇಂದಿನವರೆಗೂ ಯಾರೂ ವಿಧಿಪೂರ್ವಕ ಹಿಂತೆಗೆದುಕೊಂಡಿಲ್ಲ. ಲಕ್ಷದಷ್ಟು ಜನ ಕೆಲಸ ಕಳೆದುಕೊಂಡರು. ಗಿರಣಗಾಂವದಲ್ಲಿ ಇಂದು ಎತ್ತರದ ಗೋಪುರಗಳೂ ಮಾಲುಗಳೂ ಇವೆ. ಅಲ್ಲಿ ಕಾವಲು ನಿಂತವರಲ್ಲಿ ಗಿರಣಿಯವರ ಮಕ್ಕಳಿದ್ದಾರೆ. ಹಿರಿಯರ ತ್ಯಾಗವನ್ನು ನಾನು ಸಣ್ಣದು ಮಾಡುವುದಿಲ್ಲ. ತಪ್ಪು ಅವರದೇ ಎಂದೂ ಹೇಳುವುದಿಲ್ಲ. ಮುಷ್ಕರದ ಬಲವಿಲ್ಲದ ರಾಜಿ ಭಿಕ್ಷೆ. ರಾಜಿಯ ದಾರಿಯಿಲ್ಲದ ಮುಷ್ಕರ ಬಾವಿ. ಇಷ್ಟೇ ನಾನು ಅವರಿಂದ ಕಲಿತದ್ದು.

ಸಣ್ಣದಾಗಿ ಸಿಕ್ಕದ್ದು ಸಣ್ಣದಾಗಿಯೇ ಉಳಿಯುವುದಿಲ್ಲ ಎಂಬುದಕ್ಕೂ ಸಾಕ್ಷಿಯಿದೆ. ಬೋನಸ್ಸು ಒಂದು ಕಾಲಕ್ಕೆ ಧಣಿಯ ದೀಪಾವಳಿಯ ಕೃಪೆಯಾಗಿತ್ತು. 1965ರಲ್ಲಿ ಕಾಯಿದೆಯಾಗಿ ಕನಿಷ್ಠ ನೂರಕ್ಕೆ 4 ಎಂದು ಬರೆದರು. ಬರೆದದ್ದರಿಂದ ಅದು ಹಕ್ಕಾಯಿತು. ಹಕ್ಕಾದದ್ದರಿಂದ 1972ರಲ್ಲಿ ಅದನ್ನು 8.33ಕ್ಕೆ ಏರಿಸಲು ಬಂತು. 4ರ ಮೆಟ್ಟಿಲು ಇಲ್ಲದಿದ್ದರೆ 8.33ರ ಮೆಟ್ಟಿಲಿಗೆ ಕಾಲು ಎಲ್ಲಿಡುತ್ತಿದ್ದೆವು?

ಇನ್ನೊಂದು ಎಚ್ಚರಿಕೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ನಮಗೆ ಒಪ್ಪದ ಮಾತುಗಳಿವೆ, ಅದರ ಹೋರಾಟ ಬೇರೆ. ಆದರೆ ಒಂದು ಮಾತನ್ನು ಇಂದೇ ತಿಳಿಯಬೇಕು. ಒಂದು ಕಾರ್ಯಸ್ಥಳದಲ್ಲಿ ಹಲವು ಸಂಘಗಳಿದ್ದರೆ, ನೂರಕ್ಕೆ 51 ಜನ ಯಾರ ಜೊತೆ ಇದ್ದಾರೋ ಆ ಸಂಘವೇ ಮಾತಾಡುವ ಸಂಘ. ಯಾರಿಗೂ 51 ಇಲ್ಲದಿದ್ದರೆ ನೂರಕ್ಕೆ 20ರಷ್ಟು ಬಲವಿರುವ ಸಂಘಗಳು ಕೂಡಿ ಒಂದು ಪರಿಷತ್ತಾಗಿ ಕೂರಬೇಕು. ಅಂದರೆ ಜಗಳವಾಡಿ ನಾಲ್ಕು ಚೂರಾದರೂ ಕೊನೆಗೆ ಅದೇ ನಾಲ್ಕು ಚೂರು ಒಂದೇ ಬೆಂಚಿನ ಮೇಲೆ ಕೂರಬೇಕು. 20 ಕೂಡ ಇಲ್ಲದವನಿಗೆ ಬೆಂಚೂ ಇಲ್ಲ. ಮುನಿಸಿಕೊಂಡು ಮಾಲಕರ ಎದುರು ಕೂರುವುದಕ್ಕಿಂತ ಮೊದಲೇ ಒಂದಾಗಿ ಕೂರುವುದು ಬುದ್ಧಿವಂತಿಕೆ.

ಬಂಧುಗಳೇ, ಈಗ ಕಾಗದದ ಮಾತು. ಕೇಳಿದ್ದು 5,000, ಸಿಕ್ಕದ್ದು 3,000. ಕಡಿಮೆಯೇ. ನಾನು ಹೆಚ್ಚೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಅಕ್ಟೋಬರ್ 15ರಂತೆ ಇದರಲ್ಲಿಯೂ ಒಂದು ತಾರೀಖಿದೆ. 65ರಂತೆ ಇದರಲ್ಲಿಯೂ ಒಂದು ಅಳತೆಯಿದೆ. ಪ್ರಾವಿಡೆಂಟ್ ಫಂಡಿನಲ್ಲಿ ಹೆಸರು ಬಂದರೆ, ಹತ್ತು ವರ್ಷ ದುಡಿದೂ "ಇವನು ನಮ್ಮಲ್ಲಿ ಇರಲೇ ಇಲ್ಲ" ಎಂದು ಯಾವ ಮಾಲಕರೂ ಹೇಳಲಾರರು. ವಾರದ ರಜೆ ಬಂದರೆ, ಊರಿಗೆ ಫೋನು ಮಾಡಿ ಮಗುವಿನ ದನಿ ಕೇಳಲು ಒಂದು ಮಧ್ಯಾಹ್ನ ಸಿಗುತ್ತದೆ. ಎರಡು ವರ್ಷದ ಮೇಲೆ ಉಳಿದ 2,000 ಕೇಳಲು ನಾವು ಬಂದೇ ಬರುತ್ತೇವೆ. ಆದರೆ ಎರಡು ಸಂಘ, ಎರಡು ಸ್ಟೌ, ಎರಡು ಬಾವುಟವಾಗಿ ಬಂದರೆ ಬಾಗಿಲು ತೆರೆಯುವುದಿಲ್ಲ.

ಬೇಡವೆಂದು ಅನ್ನಿಸಿದವರು ಬೇಡವೆಂದೇ ಮತ ಹಾಕಿರಿ. ಅವರನ್ನು ದ್ರೋಹಿಗಳೆಂದು ನಾನು ಕರೆಯುವುದಿಲ್ಲ. ಬೇಕೆಂದು ಹಾಕಿದವರನ್ನು ಮಾರಿಕೊಂಡವರೆಂದು ಅವರೂ ಕರೆಯಬಾರದು. ಇಷ್ಟೇ ನನ್ನ ಪ್ರಾರ್ಥನೆ. ಯಾವ ಕಡೆ ಕೈ ಹೆಚ್ಚು ಎದ್ದರೂ, ಅದು ಎಲ್ಲರ ನಿರ್ಣಯವೆಂದು ನಡೆಯಬೇಕು. ಯಾವ ಪಕ್ಷಕ್ಕೆ ಮತ ಕೊಟ್ಟಿರೆಂದು ಸಂಘ ಕೇಳುವುದಿಲ್ಲ. ಸಂಘದಲ್ಲಿ ಅದನ್ನು ನೀವೂ ಕೇಳಬೇಡಿರಿ.

ಮತ ಎಣಿಸಿ ಮುಗಿಯುವ ಹೊತ್ತಿಗೆ ರಾತ್ರಿಯಾಗುತ್ತದೆ. ನಮ್ಮ ಭಟ್ಟರು ಹಿಂದಿನ ಅಂಗಳದಲ್ಲಿ ಒಂದು ದೊಡ್ಡ ಪಾತ್ರೆ ಒಲೆಗೇರಿಸಿದ್ದಾರೆ. ಒಂದೇ ಪಾತ್ರೆ, ಎರಡನೆಯದನ್ನು ತಾವು ತೊಳೆಯುವುದಿಲ್ಲವೆಂದು ಮೊದಲೇ ಹೇಳಿದ್ದಾರೆ. ಗೆದ್ದವರೂ ಸೋತವರೂ ಅದರಲ್ಲಿಯೇ ಉಣ್ಣಬೇಕು. ಊಟವಾದ ಮೇಲೆ ತಟ್ಟೆ ತೊಳೆಯಲು ನೀರಿದೆ, ಈ ವರ್ಷ ಕಟ್ಟೆಗಳು ತುಂಬಿವೆ. ಆದರೂ ಕೆಳಗೆ ಊರುಗಳಿವೆಯೆಂದು ನೆನಪಿಟ್ಟು, ನಲ್ಲಿಯನ್ನು ಸ್ವಲ್ಪ ಸಣ್ಣದಾಗಿ ತಿರುಗಿಸಿರಿ.